ಎಡಭುಜದ ಸೇವಂತಿಗೆ ಎಸಳು

ನನ್ನ ಕೆಲಸ ಹೋದದ್ದು ಒಂದು ಮಂಗಳವಾರ, ಹನ್ನೊಂದು ಗಂಟೆಯ ಚಹಾಕ್ಕೆ ಸ್ವಲ್ಪ ಮುಂಚೆ. ಪುಣೆಯ ಖರಾಡಿಯಲ್ಲಿದ್ದ ಆಫೀಸಿನ ಸಣ್ಣ ಕೋಣೆಯೊಂದಕ್ಕೆ ಕರೆದರು. ನನಗಿಂತ ಹದಿನೈದು ವರ್ಷ ಚಿಕ್ಕವಳಾದ ಹುಡುಗಿಯೊಬ್ಬಳು ಪರದೆಯ ಮೇಲೆ ಕಾಣಿಸಿಕೊಂಡು, ನಾನು ಹನ್ನೆರಡು ವರ್ಷ ಮಾಡಿದ ಕೆಲಸ ಇನ್ನು ಬೇಡವೆಂದು ಬಹಳ ನಯವಾಗಿ ಹೇಳಿದಳು. ಯಂತ್ರಗಳ ಜೊತೆ ಡಬ್ಬದಲ್ಲಿ ಬರುತ್ತವಲ್ಲ, ಬಳಸುವ ವಿಧಾನದ ಪುಸ್ತಕಗಳು, ಅವನ್ನು ತಿದ್ದುವುದು ನನ್ನ ಕೆಲಸವಾಗಿತ್ತು. ಯಾರೂ ಓದದ ಪುಸ್ತಕಗಳಲ್ಲಿ ತಪ್ಪು ಉಳಿಯದ ಹಾಗೆ ನೋಡಿಕೊಳ್ಳುವುದು. ಲ್ಯಾಪ್‌ಟಾಪ್ ಒಪ್ಪಿಸಿ, ನೀರಿನ ಬಾಟಲಿ ಮತ್ತು ಎ.ಸಿ.ಗೆಂದು ಇಟ್ಟಿದ್ದ ಸ್ವೆಟರನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ. ಅಳು ಬರಲಿಲ್ಲ. ಮೈ ಉರಿಯುತ್ತಿತ್ತು, ಅಷ್ಟೇ.

ಮನೆಯಲ್ಲಿ ಅವ್ವ ಸೊಪ್ಪು ಸೋಸುತ್ತಿದ್ದಳು. ಅಪ್ಪ ತೀರಿಕೊಂಡಾಗಿನಿಂದ ನಾವಿಬ್ಬರೇ ಖರಾಡಿಯ ಬಾಡಿಗೆ ಫ್ಲ್ಯಾಟಿನಲ್ಲಿ, ಒಂಬತ್ತನೇ ಮಹಡಿಯಲ್ಲಿ ಇದ್ದೆವು. ನಾನು ಮದುವೆಯಾಗಲಿಲ್ಲ. ಅದರ ಕಥೆ ಬೇರೆ, ಇಲ್ಲಿ ಬೇಡ. ನಡುಹಗಲು ಮನೆಗೆ ಬಂದವಳ ಮುಖ ನೋಡಿಯೇ ಅವ್ವನಿಗೆ ಗೊತ್ತಾಯಿತು.

"ಹೋತೇನು?"

"ಹೋತು."

"ಮೊದಲ ಊಟ ಮಾಡು."

ಫ್ಲ್ಯಾಟಿನ ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಂದಿನ ತಿಂಗಳೇ ಮುಗಿಯುವುದಿತ್ತು. ಸಂಬಳವಿಲ್ಲದೆ ಆ ಫ್ಲ್ಯಾಟಿನಲ್ಲಿ ಇರುವ ಮಾತೇ ಇರಲಿಲ್ಲ. ಬಾರಾಮತಿಯ ಸಕ್ಕರೆ ಕಾರ್ಖಾನೆಯಲ್ಲಿರುವ ಅಣ್ಣ ಸುದ್ದಿ ಕೇಳಿದ ದಿನವೇ ಫೋನ್ ಮಾಡಿದ. "ಇಬ್ರೂ ಇಲ್ಲೇ ಬಂದುಬಿಡ್ರಿ. ಮ್ಯಾಲಿನ ಖೋಲಿ ಖಾಲಿನ ಅದ." ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅವನ ಹೆಂಡತಿ, ನಮ್ಮ ವೈನಿಯೂ ಒಳ್ಳೆಯವಳು. ತೊಂದರೆ ಅದೇ. ಕೆಟ್ಟವಳಾಗಿದ್ದರೆ ಜಗಳವಾಡಿಯಾದರೂ ಹಕ್ಕಿನಿಂದ ಇರಬಹುದಿತ್ತು. ನಲವತ್ತು ದಾಟಿದ ನಾದಿನಿ, ಕೆಲಸ ಕಳೆದುಕೊಂಡು ಬಂದವಳು, ಫ್ರಿಜ್ಜಿನ ಬಾಗಿಲು ತೆಗೆಯುವ ಮುನ್ನ ಒಮ್ಮೆ ಕೆಮ್ಮಬೇಕಾದ ಮನೆಯಲ್ಲಿ ನಾನು ಎಷ್ಟು ದಿನ ಇದ್ದೇನು? ಒಮ್ಮೆ ಹೋದರೆ ಮತ್ತೆ ನನ್ನದೆನ್ನುವ ಮನೆ ಮಾಡಲಾರೆ ಎಂಬುದು ನನಗೆ ಖಾತ್ರಿಯಿತ್ತು.

ಅಷ್ಟರಲ್ಲಿ ಹಳೆ ಪುಣೆಯ ಸದಾಶಿವ ಪೇಠದಲ್ಲಿ, ವಾಡೆ ಎನ್ನುವ ಹಳೆಗಾಲದ ದೊಡ್ಡ ಮನೆಯೊಂದರಲ್ಲಿ ಮಾಳಿಗೆಯ ಎರಡು ಖೋಲಿ ಸಿಗುವ ಹಾಗಾಯಿತು. ಬೀದಿಯಾಚೆಯ ಕೋಚಿಂಗ್ ಕ್ಲಾಸಿನವರು ಸಂಜೆ ಇಂಗ್ಲಿಷ್ ಕಲಿಸಲು ಬಾ ಎಂದಿದ್ದರು. ವಾಡೆಯ ಬಾಗಿಲಿಗೆ ಮರಾಠಿಯಲ್ಲಿ ಒಂದು ಫಲಕ: "ಬೆಲ್ ಒಮ್ಮೆ ಒತ್ತಿದರೆ ಸಾಕು. ಮನೆಯವರಿಗೆ ಕಿವಿ ಇವೆ." ನಾನು ಒಮ್ಮೆಯೇ ಒತ್ತಿದೆ. ಬಿಳಿ ಕೂದಲಿನ ಮಾಲಕಿ ಬಂದು ನನ್ನ ಚಪ್ಪಲಿಯಿಂದ ನೆತ್ತಿಯವರೆಗೆ ನೋಡಿ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸಪ್ಪಳವಾಗಬಾರದು ಎಂದರು. ಕೆಲಸ ಹೋಗಿದೆ ಎಂದು ನಾನು ಮುಚ್ಚಿಡದೆ ಹೇಳಿದೆ. ಅದಕ್ಕೆ ಅವರು, "ಅದು ನಿಮ್ಮ ವಿಷಯ, ಸಪ್ಪಳ ನನ್ನ ವಿಷಯ" ಎಂದರು. ನನಗೆ ಆ ಹೆಂಗಸು ಹಿಡಿಸಿದರು. ಖೋಲಿಗಳೂ ಹಿಡಿಸಿದವು. ಹಿಡಿಸದೆ ಹೋದದ್ದು ಮೆಟ್ಟಿಲು. ಕಟ್ಟಿಗೆಯ, ಗೋಡೆಗೆ ಒರಗಿಸಿಟ್ಟ ಏಣಿಯಷ್ಟೇ ಕಡಿದಾದ ಹದಿನೇಳು ಮೆಟ್ಟಿಲು, ಹಿಡಿದುಕೊಳ್ಳಲು ಮೇಲಿನಿಂದ ಇಳಿಬಿಟ್ಟ ಒಂದು ಹಗ್ಗ. ಅವ್ವನ ಮೊಣಕಾಲು ಎರಡೂ ಹೋಗಿ ವರ್ಷಗಳಾಗಿದ್ದವು.

ಫೋನಿನಲ್ಲಿ ಅವ್ವನಿಗೆ ಖೋಲಿಯ ಫೋಟೋ ತೋರಿಸಿದೆ. ಕಿಟಕಿ, ಅಡುಗೆ ಕಟ್ಟೆ, ದೇವರಿಗೆ ಗೂಡು. ಮೆಟ್ಟಿಲಿನದು ಬರುವ ಮೊದಲೇ ಫೋನ್ ಕಿತ್ತುಕೊಳ್ಳಬೇಕೆಂದಿದ್ದೆ. ಅವಳ ಬೆರಳು ನನಗಿಂತ ಚುರುಕು. ಮೆಟ್ಟಿಲನ್ನು ದೊಡ್ಡದು ಮಾಡಿ ನೋಡಿ ಫೋನ್ ವಾಪಸು ಕೊಟ್ಟಳು. "ನಾಳೆ ಮುಂಜಾನೆ ಪ್ರಸಾದ ಕೇಳೂಣು" ಎಂದಳು.

ನಮ್ಮ ಮನೆಯಲ್ಲಿ ದೊಡ್ಡ ನಿರ್ಧಾರಗಳೆಲ್ಲ ಆದದ್ದು ಹೀಗೆಯೇ. ಮನೆದೇವರ ಹಿತ್ತಾಳೆ ಮೂರ್ತಿಯ ಎರಡೂ ಭುಜಕ್ಕೆ ಹೂವಿನ ಎಸಳನ್ನು ನೀರಿನಿಂದ ಅಂಟಿಸುವುದು. ಕೇಳಬೇಕಾದ್ದನ್ನು ಮನಸ್ಸಿನಲ್ಲೇ ಕೇಳುವುದು, ಬಾಯಿಬಿಟ್ಟರೆ ದೇವರು ಉತ್ತರ ಕೊಡುವುದಿಲ್ಲ. ಬಲಗಡೆಯ ಎಸಳು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ. ಅಪ್ಪನ ಕಣ್ಣಿನ ಆಪರೇಷನ್ನು, ಅಣ್ಣನ ಮದುವೆ, ನನ್ನ ಪುಣೆಯ ಕೆಲಸ, ಎಲ್ಲವನ್ನೂ ಎಸಳುಗಳೇ ತೀರ್ಮಾನಿಸಿದವು. ನಾನಂತೂ ಚಿಕ್ಕಂದಿನಿಂದ ಗಮನಿಸಿದ್ದೇನೆ, ಯಾವ ಎಸಳಿಗೆ ನೀರು ಜಾಸ್ತಿಯೋ ಅದು ತಡವಾಗಿ ಬೀಳುತ್ತದೆ.

ಅವ್ವ ಏನು ಕೇಳುತ್ತಾಳೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ನಾವಿಬ್ಬರೂ ಸದಾಶಿವ ಪೇಠಕ್ಕೆ ಹೋಗೋಣವೇ, ಬೇಡವೇ? ಮತ್ತೇನು ಕೇಳುವುದಿತ್ತು?

ಮುಂಜಾನೆ ಸ್ನಾನ ಮಾಡಿ ಬಂದು ಅವ್ವ ಹಳದಿ ಸೇವಂತಿಗೆಯ ಎಸಳು ಹಚ್ಚಿದಳು. "ಫ್ಯಾನ್ ಬಂದ್ ಮಾಡು" ಎಂದಳು. ಮಾಡಿದೆ. ಅವಳು ಕೈಮುಗಿದು ಕಣ್ಣು ಮುಚ್ಚಿದ ಕೂಡಲೇ ನಾನು ತಂಬಿಗೆಯಲ್ಲಿ ಬೆರಳದ್ದಿ ಎಡಗಡೆಯ ಎಸಳಿಗೆ ಇನ್ನೊಂದಿಷ್ಟು ನೀರು ಹಚ್ಚಿದೆ. ನಾಚಿಕೆಯೇನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಬಲಗಡೆಯದು ಬಿತ್ತು.

"ಬಿತ್ತಬೇ, ಬಲಗಡೇದು!" ಎಂದೆ.

ಅವ್ವ ಕಣ್ಣು ತೆರೆದು, ಬಿದ್ದ ಎಸಳನ್ನು ಬಿಟ್ಟು ಬೀಳದೆ ನಿಂತ ಎಸಳನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನೂ ತೆಗೆದು ಕಣ್ಣಿಗೊತ್ತಿಕೊಂಡು, ಅಣ್ಣನಿಗೆ ಫೋನ್ ಹಚ್ಚಿದಳು. "ರವಿವಾರ ಗಾಡಿ ತಗೊಂಡು ಬಾಪಾ. ನಾ ಒಬ್ಬಾಕೀನ ಬರ್ತೀನಿ."

"ಏನಬೇ ಇದು?"

"ನಾ ಮಗನ ಮನಿಗೆ ಹೋಗ್ಲೇನಪಾ, ಈಕೀನ್ನ ಸಡ್ಲ ಬಿಡ್ಲೇನು ಅಂತ ಕೇಳಿದ್ದೆ. ದೇವರು ಹೂಂ ಅಂದ."

ಹನ್ನೆರಡು ವರ್ಷ ಒಂದು ಅಕ್ಷರ ಬಿಡದೆ ತಿದ್ದಿದವಳು ನಾನು. ಪ್ರಶ್ನೆ ಏನೆಂದು ಗೊತ್ತಿಲ್ಲದೆ ಉತ್ತರ ತಿದ್ದಿದ್ದೆ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ವರ್ಷದ ದೇವರ ಮಾತಿಗೆ ಕೈ ಹಾಕಿದೆ ಎಂದು ಅವಳೆದುರು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಅವಳ ಮೊಣಕಾಲಿಗೆ ಬಾರಾಮತಿಯೇ ಸರಿ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡು, ರಟ್ಟಿನ ಡಬ್ಬಗಳಿಗೆ ಪಾತ್ರೆ ತುಂಬುತ್ತ ಮೂರು ದಿನ ಕಳೆದೆ. ಸಣ್ಣಪುಟ್ಟದ್ದಕ್ಕೆಲ್ಲ ಅವಳ ಮೇಲೆ ರೇಗಿದೆ. ಅವಳು ತಿರುಗಿ ರೇಗಲಿಲ್ಲ. ಅದನ್ನು ತಡೆದುಕೊಳ್ಳುವುದು ಇನ್ನೂ ಕಷ್ಟವಾಯಿತು.

ಶನಿವಾರ ಮಧ್ಯಾಹ್ನ ಅವ್ವ ತನ್ನ ರೊಟ್ಟಿ ಬಡಿಯುವ ಕಲ್ಲನ್ನು ಹಳೆ ಸೀರೆಯಲ್ಲಿ ಸುತ್ತಿ ನನ್ನ ಡಬ್ಬದ ಪಕ್ಕ ಇಟ್ಟಳು. "ಇದು ನಿನಗಿರ್ಲಿ."

"ನನಗೆಲ್ಲಿ ರೊಟ್ಟಿ ಬಡ್ಯಾಕ ಬರ್ತದಬೇ!" ಎಂದು ಕೂಗಿದೆ. ಆ ಕೂಗಿನ ಹಿಂದೆಯೇ ಅಳು ಬಂತು, ಅಳುವಿನ ಜೊತೆ ಉಳಿದದ್ದೂ ಬಂತು. "ಎಡಗಡೆ ಎಸಳಿಗೆ ನಾನ ನೀರು ಹಚ್ಚಿದ್ದೆ."

"ಗೊತ್ತದ" ಎಂದಳು ಅವ್ವ. "ದೇವರ ತೋಳಿನ ಮ್ಯಾಲಿಂದ ಸೋರಾಕತ್ತಿತ್ತು."

"ಗೊತ್ತಿದ್ರ ಮತ್ತ್ಯಾಕ ಸುಮ್ಮನಿದ್ದಿ?"

ಅವಳು ಸೀರೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. "ನಾ ಹೋಗೂದು ನಿನಗೂ ಬೇಕಾಗೇದ ಅಂತ ತಿಳ್ಕೊಂಡೆ."

ಮೂರು ದಿನ ಅವಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಪಾತ್ರೆಗಳನ್ನು ಕಟ್ಟಿಕೊಟ್ಟಿದ್ದಳು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ನಾನು ಊಹಿಸಿದ್ದ ಪ್ರಶ್ನೆ ಯಾವುದು ಎಂಬುದನ್ನು ಹೇಳಿದೆ. ನೀನಿಲ್ಲದ ಮನೆ ನನಗೆ ಬೇಡ ಎಂದೂ ಹೇಳಿದೆ.

"ಹುಚ್ಚ ಖೋಡಿ" ಎಂದಳು. ಮೂಗು ಒರೆಸಿಕೊಂಡು, "ಮೆಟ್ಟಲಾ ಎಷ್ಟವ?" ಎಂದಳು.

"ಹದಿನೇಳು."

"ನಡುವ ಕುಂತು ಹತ್ತಿದ್ರ ಆತು."

ರವಿವಾರ ಅಣ್ಣ ಗಾಡಿ ತಂದ. ವಿಷಯ ಕೇಳಿ, ನಿಮಗಿಬ್ಬರಿಗೂ ತಲೆ ಸರಿಯಿಲ್ಲ ಎಂದು ಬೈಯುತ್ತಲೇ ಸಾಮಾನನ್ನೆಲ್ಲ ಪೇಠಕ್ಕೆ ಸಾಗಿಸಿದ. ಸಪ್ಪಳದ ಕೆಲಸವನ್ನೆಲ್ಲ ಮಧ್ಯಾಹ್ನ ಒಂದಕ್ಕೆ ಮುಂಚೆ ಮುಗಿಸಬೇಕಿತ್ತು. ಅವ್ವ ಹಗ್ಗ ಹಿಡಿದು ಒಂಬತ್ತನೇ ಮೆಟ್ಟಿಲವರೆಗೆ ಹತ್ತಿ ಕುಳಿತಳು. ದೇವರ ಡಬ್ಬಿ ಹಿಡಿದುಕೊಂಡು ನಾನು ಅವಳ ಹಿಂದೆಯೇ ಇದ್ದೆ. ಕೆಳಗೆ ಮಾಲಕಿ ಗಡಿಯಾರ ನೋಡುತ್ತಿದ್ದರು.

"ಆಗಂಗಿಲ್ಲ ಅಂದ್ರ ಈಗರ ಬಾಯಿ ಬಿಟ್ಟು ಹೇಳಬೇ" ಎಂದೆ.

"ಹೇಳಾಕತ್ತೀನಿ, ಕೇಳು" ಎಂದು ಅವಳು ಮತ್ತೆ ಹಗ್ಗ ಹಿಡಿದು ಎದ್ದು ನಿಂತಳು. "ಸೊಂಟ ಹಿಡದದ. ಮ್ಯಾಲ ನೂಕು."

ನಾನು ದೇವರನ್ನು ಮೆಟ್ಟಿಲ ಮೇಲೆ ಇಟ್ಟು, ಎರಡೂ ಕೈಯಿಂದ ಅವ್ವನನ್ನು ಮೇಲಕ್ಕೆ ನೂಕಿದೆ.