ಬಚ್ಚಲಲ್ಲಿ ಸಿಕ್ಕಿಬಿದ್ದ ದೊಡ್ಡಮ್ಮ

ಕುಡಿತ ಬಿಡಿಸುವ ಆಸ್ಪತ್ರೆಯಿಂದ ಮರಳಿದ ಬೀಗ ರಿಪೇರಿಯವನ ಅಂಗಡಿಗೆ ನೊಣ ಬಿಟ್ಟರೆ ಗಿರಾಕಿಯಿಲ್ಲ. ಅಂಗಡಿ ಮುಚ್ಚುವುದೊಂದೇ ಬಾಕಿ. "ಕುಡುಕನ ಕೈಗೆ ಕೀಲಿಯಾ?" ಎಂದು ಬೀದಿಗೆಲ್ಲ ಸಾರಿದವಳು ಎದುರುಮನೆ ದೊಡ್ಡಮ್ಮ.

ಅವತ್ತು ಬಾಗಿಲ ಬೀಗ ಕಚ್ಚಿಕೊಂಡು ದೊಡ್ಡಮ್ಮನೇ ಬಚ್ಚಲಲ್ಲಿ ಸಿಕ್ಕಿಬಿದ್ದಳು. ಅವಳ ಕೂಗಿಗೆ ಮೂರು ಬೀದಿಯಾಚೆ ಬಸ್ಸುಗಳು ಬ್ರೇಕ್ ಹಾಕಿದವು! ಮಾತ್ರೆ ತರಲು ಆಸ್ಪತ್ರೆಗೆ ಹೊರಟಿದ್ದ ಬೀಗದವನು ಓಡಿಬಂದ.

"ಯಾರೋ ಅದು?"

"ಅದೇ ಕುಡುಕ, ದೊಡ್ಡಮ್ಮಾ. ವಾಪಸ್ ಹೋಗ್ಲಾ?"

"ಅಯ್ಯೋ, ತೆಗಿಯೋ ನನ್ ರಾಜಾ!"

ತಂತಿ ತಿರುಗಿತು, ಬೀಗ ಟಕ್ಕೆಂದಿತು, ಬೀದಿ ಶಿಳ್ಳೆ ಹೊಡೆಯಿತು.

"ಬರ್ತೀನಿ, ಮಾತ್ರೆ ತರ್ಬೇಕು" ಎಂದ.

ಪಕ್ಕದ ದರ್ಜಿ ನಕ್ಕ: "ಕುಡಿತ ಬಿಡೋಕೆ ಇನ್ನೂ ಮಾತ್ರೆನಾ?"

"ನಾನು ಸಕ್ಕರೆ ಕಾಯಿಲೆಗೆ ದಿನಾ ನುಂಗಲ್ವೇನೋ? ನಗು ನೋಡೋಣ!" ದೊಡ್ಡಮ್ಮ ಗುಡುಗಿದಳು. "ನೀನು ಹೋಗಿ ಬಾರಪ್ಪ, ಅಂಗಡೀಲಿ ನಾನ್ ಕೂತಿರ್ತೀನಿ."

ಕೂತಳು ನೋಡಿ! ರಿಪೇರಿಗೆ ಬೀಗ ಕೊಡದೆ ಆ ದಾರಿಯಲ್ಲಿ ಗಾಳಿಯೂ ದಾಟಲಿಲ್ಲ.