ಹೌಸ್‌ಫುಲ್ ಬೋರ್ಡಿಗೆ ಎರಡು ಎಮ್ಮೆ

ಚಿಕ್ಕೋಡಿಯ ಒಂದು ಟಾಕೀಜಿನ ಕ್ಯಾಂಟೀನು ನಮಗೆ ಬಿದ್ದದ್ದು ಹಿಂಡುವ ಎರಡು ಎಮ್ಮೆ ಮತ್ತು ಅಕ್ಕನ ಕೊರಳಿನ ಬೋರಮಾಳ ಸರಕ್ಕೆ. ಅಷ್ಟು ಯಾಕೆ ಕೊಟ್ಟಿರಿ ಎಂದು ಕೇಳಿದರೆ, ಆ ಟಾಕೀಜಿನ ಗೇಟಿಗೆ ‘ಹೌಸ್‌ಫುಲ್’ ಎಂಬ ಬೋರ್ಡು ತೂಗುತ್ತಿತ್ತು. ಬೇರೆ ಕಾರಣವೇನೂ ಇಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ದನದ ಸಂತೆಗಳಲ್ಲಿ ದಲಾಲಿ ಮಾಡುತ್ತಿದ್ದೆ. ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಮುರಿಯುವ ಕೆಲಸ. ಶಾಲೆ ನಾಲ್ಕನೆಯ ಇಯತ್ತೆಗೇ ಮುಗಿದಿತ್ತು, ಉಳಿದದ್ದನ್ನು ಹಾರೂಗೇರಿ, ಅಥಣಿ ಸಂತೆಗಳಲ್ಲಿ ಕಲಿತೆ. ಅಕ್ಕನ ಗಂಡ ಅಂಕಲಿಯ ಹತ್ತಿರ ಎಮ್ಮೆ ಸಾಕಿ ಹಾಲು ಹಾಕುತ್ತಿದ್ದ. ಅವನಿಗೆ ನಾನು ಮಾವಾ ಅನ್ನುತ್ತಿದ್ದೆ, ಅವನು ನನಗೆ ಅಳಿಯಾ ಅನ್ನುತ್ತಿದ್ದ. ಅವರಿಗಿದ್ದ ಹೊಲ ಮೇವಿಗಷ್ಟೇ ಸಾಲುತ್ತಿತ್ತು. ಮನೆ ನಿಂತದ್ದು ಆ ಎರಡು ಎಮ್ಮೆಗಳ ಮೇಲೆ.

ಟಾಕೀಜಿನವರು ಪ್ರತಿವರ್ಷ ದೀಪಾವಳಿಗೆ ಮುಂಚೆ ಕ್ಯಾಂಟೀನಿನ ಲಿಲಾವು ಮಾಡುತ್ತಿದ್ದರು. ಹೆಚ್ಚು ಕೂಗಿದವನಿಗೆ ಒಂದು ವರ್ಷ ಒಳಗೆ ಚಹಾ, ಭಜಿ, ಸೋಡಾ ಮಾರುವ ಹಕ್ಕು. ವರ್ಷದ ಹಣ ಮೊದಲೇ ಕಟ್ಟಬೇಕು. ಹಾಲು ನಮ್ಮದೇ ಇದ್ದರೆ ಚಹಾದಲ್ಲಿ ಎಷ್ಟು ಉಳಿಯುತ್ತದೆ ಎಂದು ಮಾವ ಲೆಕ್ಕ ಹಾಕಿದ್ದ. ಲಿಲಾವಿನ ಹಣಕ್ಕೆ ಎಮ್ಮೆ ಮಾರಿದರೆ ಹಾಲು ನಮ್ಮದೆಲ್ಲಿ ಉಳಿಯಿತು ಎಂದು ಅಕ್ಕ ಕೇಳಿದಳು. ‘ಒಂದ ಸುಗ್ಗಿ ತಡಿ. ಎರಡು ಹೋದಲ್ಲಿ ನಾಕ ಬರ್ತಾವ’ ಅಂದ ಮಾವ.

ನೋಡದೆ ಕೊಳ್ಳುವ ಜಾಯಮಾನ ನಮ್ಮದಲ್ಲ. ಲಿಲಾವಿನ ವಾರ ಇಬ್ಬರೂ ಟಾಕೀಜಿಗೆ ಹೋದೆವು. ಬೋರ್ಡು ತೂಗುತ್ತಿತ್ತು. ಆದರೂ ಒಳಗೆ ಹೋಗಿ ನೋಡೋಣವೆಂದು ಟಿಕೆಟ್ ಕೇಳಿದೆವು. ಬುಕಿಂಗ್ ಖೋಲಿಯ ಕಿಟಕಿಯೊಳಗಿಂದ ಒಬ್ಬ ಗದರಿದ:

‘ಬೋರ್ಡ ಕಾಣಂಗಿಲ್ಲೇನಲೇ? ಇರಿವಿ ಹೋಗಾಕ ಜಾಗಾ ಇಲ್ಲ ಒಳಗ.’

‘ನೆಲದ ಮ್ಯಾಲ ಕುಂದರ್ತೀವ್ರಿ’ ಅಂದ ಮಾವ.

‘ನೆಲಾನೂ ತುಂಬೇತಿ. ನಡಿ, ನಡಿ.’

ಟಿಕೆಟ್ ಸಿಗಲಿಲ್ಲವೆಂದು ಅಷ್ಟು ಖುಷಿಪಟ್ಟು ಊರಿಗೆ ಹೋದವರು ಆ ಸೀಮೆಯಲ್ಲಿ ನಾವಿಬ್ಬರೇ ಇರಬೇಕು. ಬಸ್ಸಿನಲ್ಲಿ ಮಾವ ನನ್ನ ತೊಡೆ ತಟ್ಟಿ, ‘ನೆಲಾನೂ ತುಂಬೇತಂತ, ಅಳಿಯಾ!’ ಎಂದು ಮೂರು ಸಲ ಅಂದ. ಮರುದಿನ ಬೇರೆ ಆಟಕ್ಕೆ ಹೋದೆವು, ಆಗಲೂ ಬೋರ್ಡು. ಮಧ್ಯಾಹ್ನದ ಆಟಕ್ಕೂ ಬೋರ್ಡು.

ಎಮ್ಮೆಗಳನ್ನು ಶಿರಗುಪ್ಪಿಯ ಒಬ್ಬ ಬೀಗರು ಕೊಂಡರು. ನಾನು ದರಕ್ಕಿಂತ ಹೆಚ್ಚಾಗಿ ಒಂದು ಮಾತಿಗೆ ಜಗ್ಗಾಡಿದೆ: ಸಂಕ್ರಾಂತಿಯ ತನಕ ಬೇರೆಯವರಿಗೆ ಮಾರಬಾರದು, ಅಷ್ಟರಲ್ಲಿ ಹಣ ತಂದರೆ ಅದೇ ದರಕ್ಕೆ ನಮಗೇ ತಿರುಗಿ ಕೊಡಬೇಕು. ಬೀಗರು ಒಪ್ಪಿದರು. ಅಕ್ಕ ಸರ ಬಿಚ್ಚಿ ಕೊಟ್ಟದ್ದು ಆ ಮಾತಿನ ಮೇಲೆ. ಲಿಲಾವಿನಲ್ಲಿ ನಮ್ಮ ಕೂಗಿನ ಮೇಲೆ ಯಾರೂ ಕೂಗಲಿಲ್ಲ. ಹಳೆಯ ಕ್ಯಾಂಟೀನಿನವನು ಮೂಲೆಯಲ್ಲಿ ಎಲೆ ಅಡಿಕೆ ಜಗಿಯುತ್ತ ನಿಂತಿದ್ದ.

ಮೊದಲ ದಿನ ಮಧ್ಯಾಹ್ನದ ಆಟ. ಹೊರಗೆ ಬೋರ್ಡು ಬಿದ್ದದ್ದನ್ನು ಕಣ್ಣಾರೆ ಕಂಡು ಮಾವ ಮೆಣಸಿನಕಾಯಿ ಭಜಿ ರಾಶಿ ಹಾಕಿದ, ದೊಡ್ಡ ಪಾತೇಲಿಯಲ್ಲಿ ಚಹಾ ಕುದಿಸಿದ. ಇಂಟರ್ವಲ್ ಗಂಟೆ ಆಯಿತು. ಬಾಗಿಲು ತೆರೆಯಿತು. ಮದುವೆಗೆ ಬಂದ ಮಂದಿಯಂತೆ ನುಗ್ಗುತ್ತಾರೆ ಎಂದು ನಾವು ಕಾದರೆ, ಬೀಡಿ ಹಚ್ಚಿಕೊಳ್ಳುತ್ತ ಅಲ್ಲೊಬ್ಬ ಇಲ್ಲೊಬ್ಬ ಬಂದರು. ಮಾವ ಕೆಟಲ್ ಹಿಡಿದು ಒಳಗೆ ಹೋದವನು ಹಾಗೆಯೇ ತಿರುಗಿ ಬಂದ.

‘ಅಳಿಯಾ, ಕುರ್ಚಿ ಖಾಲಿ ಅದಾವೋ. ಹಿಂದಿನ ಸಾಲ ಪೂರಾ ಖಾಲಿ.’

‘ಹೊರಗ ಹೋಗಿರಬೇಕು, ತಡಿ.’

‘ಧೂಳ ಕುಂತೇತಿ ಕುರ್ಚಿ ಮ್ಯಾಲ.’

ಆಟ ಬಿಟ್ಟ ಮೇಲೆ ನಾನು ಮ್ಯಾನೇಜರರ ಖೋಲಿಗೆ ಹೋದೆ. ದೊಡ್ಡ ಹೊಟ್ಟೆಯ, ನಗುಮುಖದ ಮನುಷ್ಯ. ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುವ ಚಾಳಿ.

‘ಸಾವಕಾರ್ರ, ಬೋರ್ಡ ಹೊರಗ ಐತಿ, ಕುರ್ಚಿ ಒಳಗ ಖಾಲಿ ಅದಾವಲ್ರಿ?’

‘ನೀವು ಲಿಲಾವದಾಗ ಬೋರ್ಡ ಹಿಡದ್ರೋ, ಕ್ಯಾಂಟೀನ ಹಿಡದ್ರೋ?’

‘ಬೋರ್ಡ ನೋಡಿ ಕ್ಯಾಂಟೀನ ಹಿಡದ್ವಿರಿ.’

‘ಹಂಗಾದ್ರ ಬೋರ್ಡಿಗೆ ಚಾ ಕುಡಸ್ರಿ’ ಎಂದು ನಕ್ಕು, ‘ಧಂದಾ ಆಹೇ, ಅಣ್ಣಾ’ ಅಂದರು.

‘ಕುರ್ಚಿ ಇದ್ದಷ್ಟ ತಿಕೀಟ ಹರೀರಿ. ನಿಮಗೂ ರೊಕ್ಕ, ನಮಗೂ ಮಂದಿ.’

‘ನಿಮ್ಮ ಚಾ ಮಾರಾಕ ನಾವು ಟಾಕೀಜ ಇಟ್ಟಿಲ್ರಿ.’

ಅವರು ಯಾಕೆ ಹಾಗೆ ಅಂದರೆಂದು ತಿಳಿಯಲು ತಿಂಗಳು ಹಿಡಿಯಿತು. ಭಜಿಯ ಒಲೆಯ ಹಿಂದೆ ಒಂದು ಪಕ್ಕದ ಬಾಗಿಲಿತ್ತು. ಅರ್ಧಕ್ಕರ್ಧ ಕುರ್ಚಿ ತುಂಬುತ್ತಲೇ ಬುಕಿಂಗ್ ಕಿಟಕಿ ಮುಚ್ಚಿ ಬೋರ್ಡು ಹಾಕುತ್ತಿದ್ದರು. ಕಿಟಕಿಯಲ್ಲಿ ಹರಿದ ಟಿಕೆಟ್ಟಿಗೆ ಸರಕಾರದ ತೆರಿಗೆ ಇತ್ತು, ಚಿತ್ರ ಕಳಿಸಿದ ವಿತರಕನ ಪಾಲು ಇತ್ತು. ಪಕ್ಕದ ಬಾಗಿಲಲ್ಲಿ ಗೇಟ್‌ಕೀಪರನ ಅಂಗೈಗೆ ಬಿದ್ದ ಹಣಕ್ಕೆ ಎರಡೂ ಇಲ್ಲ. ಆ ಹಣ ಅವನ ಅಂಗೈಯಿಂದ ನೇರ ಮ್ಯಾನೇಜರರ ಖೋಲಿಗೆ ಹೋಗುತ್ತಿತ್ತು. ದೂರದ ಹಳ್ಳಿಯಿಂದ ಬಂದವರು ತಿರುಗಿ ಹೋಗಲಾರದೆ, ‘ಅಣ್ಣಾರ, ಹೆಂಗರ ಮಾಡಿ ಒಳಗ ಬಿಡ್ರಿ’ ಎಂದು ಹೆಚ್ಚು ಕೊಟ್ಟು, ಮೇಲೆ ಕೈಮುಗಿದು ಹೋಗುತ್ತಿದ್ದರು. ಜಾಗವೇ ಇಲ್ಲ ಎಂದ ಮೇಲೆ ಸಿಕ್ಕ ಜಾಗಕ್ಕೆ ಯಾರೂ ದರ ಮುರಿಯುವುದಿಲ್ಲ. ಅಷ್ಟು ಹಠ ಇಲ್ಲದವರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿದು ಊರಿಗೆ ಹೋಗುತ್ತಿದ್ದರು. ಅವರ ಕುರ್ಚಿ ಖಾಲಿ, ನಮ್ಮ ಗಲ್ಲೆಯೂ ಖಾಲಿ. ಮರುದಿನ ಭೋಂಗಾ ಕಟ್ಟಿದ ಜೀಪು ‘ನಿನ್ನೆಯೂ ಹೌಸ್‌ಫುಲ್’ ಎಂದು ಹಳ್ಳಿ ಹಳ್ಳಿ ಕೂಗುತ್ತಿತ್ತು.

ಇನ್ನೊಂದನ್ನೂ ಕಂಡುಕೊಂಡೆ. ಲಿಲಾವು ಮುಗಿದ ಮೇಲೆ ಮಧ್ಯಾಹ್ನದ ಆಟಕ್ಕೆ ಆ ಬೋರ್ಡು ಬಿದ್ದದ್ದು ಮೊದಲ ಕೆಲವೇ ದಿನ. ಅದನ್ನು ತೂಗುಹಾಕಿದ್ದು ಲಿಲಾವು ಕೂಗಲು ಬರುವ ನಮ್ಮಂಥವರಿಗಾಗಿ.

ಮಾವನ ಆಸೆ ಕಬ್ಬಿನ ಹಂಗಾಮಿನ ಮೇಲಿತ್ತು. ಕಬ್ಬು ಕಡಿಯುವ ಟೋಳಿಗಳು ಬರುತ್ತವೆ, ವಾರದ ಪಗಾರ ಆದ ದಿನ ಟಾಕೀಜು ತುಂಬುತ್ತದೆ, ಸಂಕ್ರಾಂತಿಗೆ ಎಮ್ಮೆ ಬಿಡಿಸಬಹುದು. ಟೋಳಿಗಳು ಬಂದವು. ಆದರೆ ಆ ವರ್ಷ ಕಾಗವಾಡದ ಕಡೆ ಯಾರೋ ತಗಡಿನ ಪತ್ರಾ ಶೆಡ್ಡಿನಲ್ಲಿ ವಿಡಿಯೋ ಹಾಕಿದರು. ಟೋಳಿಯವರ ಗುಡಿಸಲಿನಿಂದ ನಡೆದು ಹೋಗುವಷ್ಟು ಹತ್ತಿರ, ನೆಲದ ಮೇಲೆ ಕೂತರೂ ಯಾರೂ ಜಾಗ ಇಲ್ಲ ಅನ್ನುವುದಿಲ್ಲ. ಒಂದು ಸಂಜೆ ಚಿಕ್ಕೋಡಿಗೆ ಬಂದಿದ್ದ ಒಂದು ಟೋಳಿ ಬೋರ್ಡು ನೋಡಿ ಎತ್ತಿನ ಗಾಡಿ ತಿರುಗಿಸಿತು. ಮಾವ ಸೆರಗಿನಂತೆ ಟವೆಲ್ ಹಾರಿಸುತ್ತ ಹಿಂದೆ ಓಡಿದ: ‘ಜಾಗಾ ಐತಿ, ಬರ್ರೋ! ಖಾಲಿ ಐತಿ!’ ಗೇಟ್‌ಕೀಪರ ಅವನ ಅಂಗಿ ಹಿಡಿದು ಒಳಗೆ ಎಳೆದ. ಇವನು ಕುಡಿದಿರಬೇಕು ಎಂದು ಟೋಳಿಯವರು ನಕ್ಕು ಹೋದರು.

ಸಂಕ್ರಾಂತಿಗೆ ನಾನೊಬ್ಬನೇ ಶಿರಗುಪ್ಪಿಗೆ ಹೋದೆ. ಕೈಯಲ್ಲಿ ಎಳ್ಳು ಬೆಲ್ಲದ ಹೊರತು ಏನೂ ಇರಲಿಲ್ಲ. ಯುಗಾದಿಯ ತನಕ ತಡೆಯಿರಿ ಎಂದು ಕೇಳಿದೆ. ಬೀಗರು ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು, ‘ಮಾತ ಸಂಕ್ರಾಂತಿ ತನಕ ಆಗಿತ್ತಲ್ರಿ’ ಅಂದರು. ತಪ್ಪಿಲ್ಲ. ನಾನಾಗಿದ್ದರೂ ಅದನ್ನೇ ಅನ್ನುತ್ತಿದ್ದೆ. ಮುಂದಿನ ಸಂತೆಯಲ್ಲಿ ಎಮ್ಮೆಗಳು ಕೊಲ್ಲಾಪುರದ ಕಡೆಯವರ ಪಾಲಾದವು.

ವರ್ಷ ಮುಗಿಯುವುದರೊಳಗೆ ಅಕ್ಕ ಮಾವ ಗಂಟು ಕಟ್ಟಿಕೊಂಡು ನಿಪ್ಪಾಣಿಗೆ ಹೋದರು. ಅಕ್ಕ ಬೀಡಿ ಕಟ್ಟಲು ಕೂತಳು, ಮಾವ ತಂಬಾಕಿನ ವಖಾರಿಯಲ್ಲಿ ಚೀಲ ಹೊರಲು ನಿಂತ. ತಂಬಾಕಿನ ಘಾಟು ಅವನ ಎದೆಗೆ ಇಳಿಯಿತು. ತೊಂಬತ್ತರ ಆಸುಪಾಸಿನಲ್ಲಿ ಒಮ್ಮೆ ಹೋದಾಗ ಅಕ್ಕ ಪಕ್ಕದ ಮನೆಯಿಂದ ಪಾವು ಹಾಲು ಕೊಂಡು ತಂದು ನನಗೆ ಚಹಾ ಮಾಡಿದಳು. ಲೋಟ ಕೊಡುತ್ತ, ‘ನೀರ ಹಾಕ್ಯಾರ, ತಮ್ಮಾ. ಏನ್ ಅನಕೋಬ್ಯಾಡ’ ಅಂದಳು. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿ ಕೆಮ್ಮುತ್ತಿದ್ದ. ಮತ್ತೆರಡು ಮಳೆಗಾಲ ಬದುಕಿದ.

ಈಗ ನಿಮಗೆ ಹೇಳುವುದಿಷ್ಟು. ಕ್ಯಾಂಟೀನು ಇರಲಿ, ಖಾನಾವಳಿ ಇರಲಿ, ನಡೆಯುತ್ತಿರುವ ಧಂದೆಯನ್ನು ಕೊಳ್ಳುವಾಗ ಮಾರುವವನು ಬಾ ಎಂದ ವಾರ ಹೋಗಬೇಡಿ. ಹಬ್ಬವಿಲ್ಲದ, ಸಂತೆಯಿಲ್ಲದ ದಿನ ಹೇಳದೆ ಹೋಗಿ. ಒಳಗೆ ಬಿಡದಿದ್ದರೆ ಆಟ ಬಿಡುವ ಹೊತ್ತಿಗೆ ಬಾಗಿಲ ಎದುರು ನಿಂತು ಹೊರಗೆ ಬರುವವರನ್ನು ನೋಡಿ. ಬಿಟ್ಟು ಹೋಗುತ್ತಿರುವ ಹಳಬನಿಗೆ ಒಂದು ಚಹಾ ಕುಡಿಸಿ, ಯಾಕೆ ಬಿಟ್ಟೆ ಎಂದು ಕೇಳಿ. ವರ್ಷದ ಹಣ ಒಮ್ಮೆಲೇ ಕೇಳಿದರೆ ಮೂರು ತಿಂಗಳದ್ದಕ್ಕೆ ಜಗ್ಗಾಡಿ, ಒಪ್ಪದಿದ್ದರೆ ಎದ್ದು ಬನ್ನಿ. ಗಡುವು ಹಾಕಿಕೊಳ್ಳುವಾಗ ನಿಮಗೆ ಬೇಕೆನಿಸಿದ್ದಕ್ಕಿಂತ ಒಂದು ಹಬ್ಬ ಮುಂದಿನದನ್ನು ಕೇಳಿ. ಇಷ್ಟೆಲ್ಲ ಮಾಡಿದ ಮೇಲೂ, ಮನೆಯಲ್ಲಿ ಎರಡು ಎಮ್ಮೆ ಇದ್ದರೆ ಒಂದನ್ನೇ ಮಾರಿ.