ಎರಡು ಮನೆಗಳ ನಡುವಿನ ಹುಲ್ಲು

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಸ್ಮೋಕ್ ಅಲಾರ್ಮ್ ಕಿರುಚಿತು. ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ ನನ್ನ ಲ್ಯಾಪ್‌ಟಾಪಿನ ಮೂಲೆಯಲ್ಲಿದ್ದ ಗಡಿಯಾರ. ಆಫೀಸಿನ ಮೀಟಿಂಗಿನಲ್ಲಿ ನನ್ನ ಸರದಿ ಬರುವುದರಲ್ಲಿತ್ತು, ಇನ್ನೆಷ್ಟು ಹೊತ್ತು ಎಂದು ಅದನ್ನೇ ನೋಡುತ್ತಿದ್ದೆ. ಮೈಕ್ ಬಂದ್ ಮಾಡಿ, ತಲೆ ಕೂಡ ತಿರುಗಿಸದೆ, "ಅತ್ತೆ, ಕಿಟಕಿ ತೆಗೀರಿ" ಎಂದೆ.

"ನಾನು ಒಲೆ ಹತ್ರಾನೇ ಹೋಗಿಲ್ವಲ್ಲೇ" ಎಂದು ಬೆನ್ನ ಹಿಂದಿನಿಂದಲೇ ಉತ್ತರ ಬಂತು. ಅತ್ತೆ ಸೋಫಾದ ಮೇಲೆ ಕಾಲು ಮಡಚಿ ಕೂತು ಸ್ವೆಟರಿಗೆ ಗುಂಡಿ ಹೊಲಿಯುತ್ತಿದ್ದರು.

ಇವತ್ತಿಗೂ ನಾನು ಹಿಂದಕ್ಕೆ ಓಡಿಸಿ ಓಡಿಸಿ ನೋಡುವುದು ಆ ಎರಡು ಮಾತುಗಳ ನಡುವಿನ ಹೊತ್ತನ್ನು. ನಮ್ಮ ಪಾಲಿಗೆ ಅಲಾರ್ಮ್ ಎಂದರೆ ಒಗ್ಗರಣೆ. ದಿನಾ ಬೆಳಿಗ್ಗೆ ಸಾಸಿವೆ ಸಿಡಿದ ಕೂಡಲೇ ಅದು ಬಡಿದುಕೊಳ್ಳುತ್ತಿತ್ತು, ಒಣಮೆಣಸಿನಕಾಯಿ ಬಿದ್ದರೆ ಇನ್ನೂ ಜೋರು. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ತನ್ನ ಬಾಗಿಲಲ್ಲಿ ನಿಂತು, ನನಗೂ ಒಂದು ತಟ್ಟೆ ಹಾಕಿ, ಬಂದೆ ಎಂದು ಕೂಗುತ್ತಿದ್ದ. ಇಡೀ ಸಾಲಿಗೇ ಆ ಸದ್ದು ರೂಢಿಯಾಗಿತ್ತು. ಅಲಾರ್ಮ್ ಕೇಳಿದರೆ ಯಾರೂ ಹೊರಗೆ ಬರುತ್ತಿರಲಿಲ್ಲ. ಹಸಿವಾಗುತ್ತದೆ ಎಂದು ಬೈದುಕೊಳ್ಳುತ್ತಿದ್ದರು, ಅಷ್ಟೆ.

ನಾವಿದ್ದದ್ದು ಮೊಬೈಲ್ ಹೋಮಿನಲ್ಲಿ. ಅತ್ತೆಯ ಮಾತಿನಲ್ಲಿ ಹೇಳುವುದಾದರೆ, ಎಂಜಿನ್ ಕಳಚಿಕೊಂಡ ರೈಲು ಬೋಗಿ. ಅಡಿಯಲ್ಲಿ ಚಕ್ರ ಇದ್ದದ್ದೇನೋ ನಿಜ, ಆದರೆ ಲಾರಿಯಲ್ಲಿ ತಂದು ಇಳಿಸಿದ ಮೇಲೆ ಅದು ಎಲ್ಲಿಗೂ ಹೋಗುವುದಿಲ್ಲ. ಕಾರ್ಕ್ ಬಂದರಿನ ಆಚೆ ಸಮುದ್ರದ ದಂಡೆಯ ಹೊಲವೊಂದರಲ್ಲಿ ಇಂಥವು ಸಾಲಾಗಿ ನಿಂತಿದ್ದವು. ನನ್ನ ಗಂಡನಿಗೆ ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ, ಲಾಕ್‌ಡೌನ್ ಇದ್ದರೂ ಹೋಗಲೇಬೇಕು. ನನ್ನ ಆಫೀಸು ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ. ಮನೆಯಿಂದಲೇ ಕೆಲಸ ಎಂದಾದ ಮೇಲೆ ಅಲ್ಲಿನ ಕೋಣೆ ಬಿಟ್ಟು ಗಂಡನಿದ್ದಲ್ಲಿಗೆ ಬಂದೆ. ಅತ್ತೆ ಮೈಸೂರಿನಲ್ಲಿ ಹೈಸ್ಕೂಲ್ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ನಮ್ಮನ್ನು ನೋಡಿ ಹೋಗಲು ಬಂದು, ವಿಮಾನ ನಿಂತುಹೋದ ಕಾರಣ ಇಲ್ಲೇ ಉಳಿದರು. ಅಷ್ಟರಲ್ಲಿ ನಮ್ಮ ಬಾಡಿಗೆ ಮನೆಯ ಮಾಲೀಕ ಹೊರದೇಶದಲ್ಲಿದ್ದ ಕೆಲಸ ಹೋಗಿ ವಾಪಸು ಬಂದು ಮನೆ ಬಿಡಿಸಿಕೊಂಡ. ಆ ಬೇಸಿಗೆಯ ಕೊನೆಯಲ್ಲಿ ಯಾರೂ ಮನೆ ತೋರಿಸಲೂ ತಯಾರಿರಲಿಲ್ಲ. ಈ ಪಾರ್ಕಿನ ಯಜಮಾನ, ಅರವತ್ತು ದಾಟಿದ ರೈತ, ಫೋನಿನಲ್ಲೇ ಒಪ್ಪಿಕೊಂಡು ಬೀಗದ ಕೈಯನ್ನು ಹೂಕುಂಡದ ಕೆಳಗಿಟ್ಟು ಹೋದ. ಆ ಉಪಕಾರ ಮುಂದೆ ನನ್ನ ಕೈ ಕಟ್ಟಿಹಾಕಿತು.

ಅಲಾರ್ಮ್ ನಮ್ಮದಲ್ಲ ಎಂದು ಗೊತ್ತಾದಾಗ ಕಿಟಕಿಯಾಚೆ ನೋಡಿದೆ. ಡ್ರೈವರಿನ ಕಿಟಕಿಯ ಪರದೆ ಇರಬೇಕಾದ ಜಾಗದಲ್ಲಿ ಕಿತ್ತಳೆ ಬಣ್ಣ ಕುಣಿಯುತ್ತಿತ್ತು. ಆಮೇಲೆ ತಿಳಿದದ್ದು ಇಷ್ಟು: ಗ್ಯಾಸ್ ಹೀಟರಿನ ಮುಂದೆ ಕುರ್ಚಿಯ ಬೆನ್ನಿಗೆ ಒದ್ದೆ ಪ್ಯಾಂಟು ಒಣಗಲು ಹಾಕಿ, ಒಳಕೋಣೆಯಲ್ಲಿ ಮಲಗಿಬಿಟ್ಟಿದ್ದ. ನಾನು ಬರಿಗಾಲಲ್ಲಿ ಓಡಿ ಅವನ ಹಿಂದಿನ ಬಾಗಿಲು ಬಡಿದೆ. ಅತ್ತೆ ಸೂಜಿದಾರ ಕೈಯಲ್ಲೇ ಹಿಡಿದು ಓಡಿ ಬಂದು, ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಎಬ್ಬಿಸುವ ದನಿಯಲ್ಲಿ "ಗೆಟ್ ಅಪ್" ಎಂದರು. ನನ್ನ ಬಡಿತಕ್ಕೆ ಏಳದವನು ಆ ದನಿಗೆ ಎದ್ದ. ಕಾಲುಚೀಲದಲ್ಲಿ ಹೊರಬಂದವನು, ನಿದ್ದೆ ಕೆಡಿಸಿದ್ದಕ್ಕೆ ನಮ್ಮ ಮೇಲೆ ಸ್ವಲ್ಪ ಸಿಟ್ಟಾಗಿಯೇ ಇದ್ದ. ಆಮೇಲೆ ತಿರುಗಿ ನೋಡಿದ.

ತಗಡು ಮತ್ತು ಪ್ಲಾಸ್ಟಿಕ್ಕಿನ ಮನೆ ಹೊತ್ತಿ ಉರಿಯಲು ಬಹಳ ಹೊತ್ತು ಬೇಡ. ಸಿಲಿಂಡರು ಸಿಡಿದಾಗ ನಾವು ಮೂವರೂ ಬೇಲಿಯ ಆಚೆ ಇದ್ದೆವು. ಅಗ್ನಿಶಾಮಕ ದಳ ಬಂತು. ಅಂದರೆ ಸೊಂಟಕ್ಕೆ ಪೇಜರು ಸಿಕ್ಕಿಸಿಕೊಂಡು, ಅದು ಸದ್ದು ಮಾಡಿದರೆ ತಮ್ಮ ಕೆಲಸ ಬಿಟ್ಟು ಓಡಿಬರುವ ಪಕ್ಕದ ಊರಿನವರೇ. ಅವರಲ್ಲೊಬ್ಬ ನಮಗೆ ದಿನಾ ಅಂಚೆ ತಂದುಕೊಡುವವನು. ಅವರು ಬರುವಷ್ಟರಲ್ಲಿ ಡ್ರೈವರಿನ ಮನೆ ಬರೀ ಚೌಕಟ್ಟಾಗಿತ್ತು. ನಮ್ಮದು ನಿಂತಿತ್ತು. ಎರಡರ ನಡುವೆ ಇನ್ನೊಂದು ಮೊಬೈಲ್ ಹೋಮ್ ನಿಲ್ಲುವಷ್ಟು ಅಗಲದ ಹುಲ್ಲಿನ ಜಾಗವಿತ್ತು, ಅದರ ಮೇಲೆ ಅತ್ತೆ ಬಟ್ಟೆಹಗ್ಗ ಕಟ್ಟಿದ್ದರು. ಹಗ್ಗದ ಆ ತುದಿಯಲ್ಲಿದ್ದ ಗಂಡನ ಪಂಚೆ ಬೂದಿಯಾಗಿತ್ತು. ನಡುವಿನ ಟವೆಲ್ ಕಂದಿತ್ತು. ಈ ತುದಿಯ ದಿಂಬಿನ ಕವರು ಬೆಚ್ಚಗೆ ಒಣಗಿತ್ತು. ಅಂಚೆಯವನು ಹೆಲ್ಮೆಟ್ ತೆಗೆದು, ಈ ಖಾಲಿ ಜಾಗ ಇಲ್ಲದಿದ್ದರೆ ನಾವು ಇಡೀ ಸಾಲನ್ನು ಆರಿಸಬೇಕಿತ್ತು ಎಂದ.

ಯಜಮಾನ ಅವತ್ತೇ ಡ್ರೈವರಿಗೆ ಕೊನೆಯ ಸಾಲಿನ ಖಾಲಿ ಮನೆ ಕೊಟ್ಟ, ತನ್ನ ಮನೆಯಿಂದ ಹಾಸಿಗೆ ಹೊದಿಕೆ ಕಳಿಸಿದ. ನಮಗೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿದ. ಗ್ರ್ಯಾಂಡ್, ಅಂದರೆ ಚೆನ್ನಾಗಿದ್ದೇವೆ, ಎಂದೆ. ಈ ದೇಶದಲ್ಲಿ ಆ ಪ್ರಶ್ನೆಗೆ ಅದೊಂದೇ ಉತ್ತರ ಎಂದು ನಾನು ಬಂದ ಮೊದಲ ವರ್ಷವೇ ಕಲಿತಿದ್ದೆ. ಕಾಲು ಮುರಿದವರೂ ಗ್ರ್ಯಾಂಡ್ ಅನ್ನುತ್ತಾರೆ.

ಆದರೆ ನನಗೆ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಸುಟ್ಟ ರಬ್ಬರಿನ ವಾಸನೆ. ಎದ್ದು ಕಿಟಕಿಯಾಚೆ ನೋಡಿ, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮಲಗಿ, ಮತ್ತೆ ಏಳುವುದು. ಗಂಡ ಮೊದಲು ಸಮಾಧಾನ ಹೇಳಿದ, ಆಮೇಲೆ ಕಿಟಕಿಯ ಪಕ್ಕದ ಜಾಗ ನನಗೇ ಬಿಟ್ಟುಕೊಟ್ಟ.

ಹೀಗಿರುವಾಗ ಒಂದು ಬೆಳಿಗ್ಗೆ, ಬಹಳ ದಿನದ ಮೇಲೆ ಗೇಟಿನವರೆಗೆ ನಡೆದ ಅತ್ತೆ ಅಲ್ಲಿದ್ದ ಪ್ಲಾಸ್ಟಿಕ್ ಹೊದಿಸಿದ ಹಾಳೆಯನ್ನು ಓದಿದರು. ಅದು ಸುಮಾರು ದಿನದಿಂದ ಅಲ್ಲೇ ಇತ್ತು. ಆ ವರ್ಷ ಗೇಟಿಗೆ, ಬಾಗಿಲಿಗೆ, ಕಂಬಕ್ಕೆ ಅಂಟಿಸಿದ್ದೆಲ್ಲ ಕೊರೊನಾ ಸೂಚನೆಯೇ ಆಗಿದ್ದರಿಂದ ಇದೂ ಕೈ ತೊಳೆಯಿರಿ ಎಂದೇ ಇರಬೇಕೆಂದು ನಾವ್ಯಾರೂ ನೋಡಿರಲಿಲ್ಲ. ಅತ್ತೆಗೆ ಮಾತ್ರ ನೋಟಿಸ್ ಬೋರ್ಡ್ ಪೂರ್ತಿ ಓದದೆ ದಾಟಿ ಅಭ್ಯಾಸವಿಲ್ಲ. ಪಾರ್ಕಿನಲ್ಲಿ ಇನ್ನಷ್ಟು ಮೊಬೈಲ್ ಹೋಮ್ ನಿಲ್ಲಿಸಲು ಯಜಮಾನ ಕೌಂಟಿ ಕೌನ್ಸಿಲ್ಲಿನ, ಅಂದರೆ ಇಲ್ಲಿನ ಜಿಲ್ಲಾ ಪಂಚಾಯಿತಿಯ, ಅನುಮತಿ ಕೇಳಿದ್ದ. ಬೆಂಕಿಗೆ ಮುಂಚೆಯೇ ಹಾಕಿದ ಅರ್ಜಿ. ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿ ನಕ್ಷೆ ತೆಗೆದು ನೋಡಿದೆವು. ಕೆಲವು ಹಿಂದಿನ ಹೊಲದಲ್ಲಿ. ಒಂದು, ಅಚ್ಚುಕಟ್ಟಾದ ಕಪ್ಪು ಆಯತ, ನಮ್ಮ ಮತ್ತು ಡ್ರೈವರಿನ ಜಾಗದ ನಡುವೆ, ಅತ್ತೆಯ ಬಟ್ಟೆಹಗ್ಗದ ಮೇಲೆ. ಸುಟ್ಟ ಜಾಗಕ್ಕೂ ಹೊಸದು ಬರಲಿತ್ತು. ಸಾಲು ಒತ್ತೊತ್ತಾಗಿ ತುಂಬುತ್ತಿತ್ತು.

ಆಕ್ಷೇಪವಿದ್ದರೆ ಯಾರು ಬೇಕಾದರೂ ಕೌನ್ಸಿಲ್ಲಿಗೆ ಬರೆದು ತಿಳಿಸಬಹುದು, ಸಣ್ಣ ಶುಲ್ಕ ಕಟ್ಟಬೇಕು, ಇನ್ನೂ ಕೆಲವು ದಿನ ಗಡುವಿತ್ತು. ತೊಡಕೆಂದರೆ, ಬರೆದವರ ಹೆಸರು ವಿಳಾಸ ಅದೇ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ಹಳ್ಳಿಯ ಕಡೆ ಜನ ಹವಾಮಾನ ನೋಡಿದಂತೆ ಅದನ್ನು ನೋಡುತ್ತಾರೆ ಎಂದು ಡ್ರೈವರ್ ಎಚ್ಚರಿಸಿದ. ಅವನು ಬರೆಯುವುದಿಲ್ಲವಂತೆ. ತಲೆಯ ಮೇಲೆ ಸೂರು ಕೊಟ್ಟವನ ವಿರುದ್ಧ ಬರೆಯಲು ಕೈ ಬರುವುದಿಲ್ಲ ಎಂದ. ಸೂರು ನಮಗೂ ಅವನೇ ಕೊಟ್ಟಿದ್ದು.

"ಮೂಗರ್ಜಿ ಹಾಕ್ಬಿಡೋಣ ಕಣೇ" ಎಂದ ಗಂಡ. "ಹೆಸರು ಗಿಸರು ಏನೂ ಬೇಡ."

ಹೆಸರಿಲ್ಲದ್ದನ್ನು ಇಲ್ಲಿ ತಿರುಗಿಸಿ ಕಳಿಸುತ್ತಾರೆ ಎಂದೆ. ಕಳಿಸೋಕೆ ವಿಳಾಸಾನೇ ಇರಲ್ವಲ್ಲ ಎಂದು ಅವನು ನಗತೊಡಗಿದ. ಅತ್ತೆ ನಗಲಿಲ್ಲ.

"ಅವನ ಹೊಲದಲ್ಲೇ ಕೂತ್ಕೊಂಡು ಬೆನ್ನ ಹಿಂದೆ ಬರೀತೀರಾ? ಮೊದಲು ಹೋಗಿ ಮುಖ ನೋಡಿ ಹೇಳು. ಬೈದ್ರೆ ಬೈಸ್ಕೋ. ಆಮೇಲೆ ಬರಿ."

ಅಮ್ಮ ಹೇಳಿದ್ದು ಯಾರಿಗೆ ಎಂಬಂತೆ ಗಂಡ ಲ್ಯಾಬಿನ ಕೋಟು ಮಡಚುತ್ತ ನಿಂತ. ಬೆಂಕಿ ಕಣ್ಣಾರೆ ನೋಡಿದವಳು ನಾನು, ಆದ್ದರಿಂದ ಹೋಗಬೇಕಾದವಳೂ ನಾನೇ. ಮಾಸ್ಕ್ ಹಾಕಿಕೊಂಡು ಯಜಮಾನನ ಅಂಗಳದಲ್ಲಿ, ಅವನ ನಾಯಿ ನನ್ನ ಬೂಟು ಮೂಸುತ್ತಿರುವಾಗ, ನಡುವಿನ ಜಾಗ ತುಂಬಬೇಡಿ ಎಂದು ಹೇಳಿದೆ. ಇಲ್ಲವಾದರೆ ಕೌನ್ಸಿಲ್ಲಿಗೆ ಬರೆಯುತ್ತೇನೆ ಎಂದೂ ಹೇಳಿದೆ. ಎರಡನೆಯ ವಾಕ್ಯ ಹೇಳುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು.

ಅವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೌನ್ಸಿಲ್ಲಿನವರು ನೋಡುವುದು ಬೇಲಿ, ರಸ್ತೆಯ ತಿರುವು, ಕೊಳಚೆ ನೀರು ಹೋಗುವ ದಾರಿ; ಬೆಂಕಿಯ ಲೆಕ್ಕ ಬೇರೆ ಇಲಾಖೆಯದು; ನಕ್ಷೆ ಬರೆದ ಎಂಜಿನಿಯರು ಎಲ್ಲ ಸರಿಯಿದೆ ಎಂದಿದ್ದಾನೆ; ಡ್ರೈವರಿನ ಹೀಟರು ಡ್ರೈವರಿನ ತಪ್ಪು. ಎಲ್ಲವನ್ನೂ ತಾಳ್ಮೆಯಿಂದ ಹೇಳಿ, "ಬೆಂಕಿ ನಿಮ್ಮ ಕಡೆ ಬರಲೇ ಇಲ್ಲವಲ್ಲ ಹುಡುಗಿ" ಎಂದ.

ಬಂದು ನೋಡಿ ಎಂದೆ.

ಅಲ್ಲಿಯವರೆಗೆ ಅವನು ಸುಟ್ಟ ಮನೆಯನ್ನು ಮಾತ್ರ ನೋಡಿದ್ದ. ಸೋಂಕಿನ ಭಯಕ್ಕೆ ಬೇರೆಯವರ ಮನೆಯ ಸುತ್ತ ಯಾರೂ ಸುಳಿಯುತ್ತಿರಲಿಲ್ಲ. ನಾನು ಅವನನ್ನು ನಮ್ಮ ಮನೆಯ ಹುಲ್ಲಿನ ಕಡೆಯ ಗೋಡೆಗೆ ಕರೆದುಕೊಂಡು ಹೋದೆ. ದಿಂಬಿನ ಕವರಿನ ಹತ್ತಿಬಟ್ಟೆ ತಡೆದುಕೊಂಡ ಶಾಖವನ್ನು ತಡೆಯಲಾರದೆ, ಕಿಟಕಿಯ ಕೆಳಗಿನ ಪ್ಲಾಸ್ಟಿಕ್ ಹಲಗೆಗಳು ಕೆಂಡದ ಮೇಲೆ ಸುಟ್ಟ ಹಪ್ಪಳದಂತೆ ಉಬ್ಬಿ, ಒಂದು ಕಡೆ ಜೋತು ಬಿದ್ದಿದ್ದವು. ಕಿಟಕಿಯ ರಬ್ಬರು ಕರಗಿ ಗಾಜಿನ ಮೇಲೆ ಇಳಿದಿತ್ತು. ಅವನು ಕೈಗವಸು ತೆಗೆದು ಗೋಡೆಯನ್ನು ಮುಟ್ಟಿದ. ಆಮೇಲೆ ಸುಟ್ಟ ಜಾಗದ ಕಡೆ ತಿರುಗಿ, ಎರಡರ ನಡುವಿನ ಹುಲ್ಲಿನ ಮೇಲೆ ಒಂದು ಸಲ ಇಲ್ಲಿಂದ ಅಲ್ಲಿಗೆ ನಡೆದ. ಬರುವಾಗ ನಿಧಾನವಾಗಿ ಬಂದ.

"ಫೋನ್ ಮಾಡಿದಾಗ ಗ್ರ್ಯಾಂಡ್ ಅಂದೆಯಲ್ಲ?"

ಹೌದು ಎಂದೆ.

"ಅದು ನಾವು ಹೇಳೋ ಸುಳ್ಳು. ನಿನಗ್ಯಾಕೆ ಬೇಕಿತ್ತು ಅದು?"

ನನಗೆ ಅಲ್ಲಿಯೇ ಅಳು ಬಂತು. ಬೆಂಕಿಯ ದಿನ ಬರದಿದ್ದ ಅಳು. ಮಾಸ್ಕ್ ಒಳಗೆ ಅಳುವುದು ಎಷ್ಟು ಒದ್ದೆ ಕೆಲಸವೆಂದು ಆ ವರ್ಷ ಎಲ್ಲರಿಗೂ ಗೊತ್ತಾಗಿತ್ತು. ಅವನು ಸಮುದ್ರದ ಕಡೆ ಮುಖ ಮಾಡಿ, ಗಾಳಿ ಎದ್ದಿದೆ ಎಂಬಂತೆ ಏನೋ ಹೇಳಿ, ನಾನು ಮುಗಿಸುವವರೆಗೆ ಕಾದ.

ಆಮೇಲೆ ಅವನು ಹೇಳಿದ್ದು ನಾನು ಎಣಿಸಿದ್ದೇ ಅಲ್ಲ. ಅರ್ಜಿ ವಾಪಸು ತೆಗೆದರೆ ಮತ್ತೆ ಮೊದಲಿನಿಂದ ಎಲ್ಲ ಮಾಡಬೇಕು, ಅದಕ್ಕೆ ತನಗೆ ಶಕ್ತಿಯಿಲ್ಲ. ನೀನು ಬರಿ, ನೋಡಿದ್ದನ್ನೆಲ್ಲ ಬರಿ, ಈ ಗೋಡೆಯ ಫೋಟೋ ಹಾಕು. ನಡುವಿನದನ್ನು ಬಿಟ್ಟು ಉಳಿದದ್ದಕ್ಕೆ ಅನುಮತಿ ಕೊಡಿ ಎಂದು ಕೇಳು. ನಾನೂ ಎಂಜಿನಿಯರಿಗೆ ಅದನ್ನೇ ಹೇಳುತ್ತೇನೆ ಎಂದ. ಹೀಗೆ ಅವನ ವಿರುದ್ಧದ ನನ್ನ ಪತ್ರಕ್ಕೆ ಅವನೇ ದಾರಿ ಹೇಳಿಕೊಟ್ಟ. ಗಂಡ ಅದನ್ನು ಕೇಳಿ, ನಮ್ಮೂರಲ್ಲಿ ಇದಕ್ಕೆ ಒಳಒಪ್ಪಂದ ಅಂತಾರೆ ಎಂದ. ಅತ್ತೆ, ನಮ್ಮೂರಲ್ಲಿ ಇದಕ್ಕೆ ಮರ್ಯಾದೆ ಅಂತಾರೆ ಎಂದರು.

ಪತ್ರ ಹೋದ ಮೇಲೆ ಕೌನ್ಸಿಲ್ಲಿನಿಂದ ಜಾಗ ನೋಡಲು ಪ್ಲಾನರ್ ಬಂದಳು. ಹೊಳೆಯುವ ಹಳದಿ ಜಾಕೆಟ್ಟಿನ ಎಳೆಯ ಹುಡುಗಿ. ಯಜಮಾನನೂ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಅತ್ತೆ ಬೆಳಿಗ್ಗೆಯೇ ಫಿಲ್ಟರಿಗೆ ಪುಡಿ ಹಾಕಿಟ್ಟಿದ್ದರು. ಬೇಡ ಅತ್ತೆ, ಇಲ್ಲಿ ಅಧಿಕಾರಿಗಳಿಗೆ ಏನೂ ಕೊಡಬಾರದು, ಲಂಚ ಅಂದ್ಕೋತಾರೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಲೋಟವನ್ನು ಮೆಟ್ಟಿಲ ಮೇಲಿಟ್ಟು, ನಿಯಮದ ಪ್ರಕಾರ ಎರಡು ಮೀಟರ್ ಹಿಂದೆ ಸರಿದು, ತಗೊಳ್ಳಮ್ಮ ಎಂದು ಕನ್ನಡದಲ್ಲೇ ಕೈ ತೋರಿಸಿದರು. ಪ್ಲಾನರ್ ಮುಖ ಕೆಂಪಾಗಿ, ತಾನು ಏನನ್ನೂ ತೆಗೆದುಕೊಳ್ಳುವಂತಿಲ್ಲ ಎಂದು ಕ್ಷಮೆ ಕೇಳಿ ಟೇಪು ಬಿಚ್ಚಿದಳು.

"ಮುಗೀತು" ಎಂದರು ಅತ್ತೆ ನನ್ನ ಕಿವಿಯಲ್ಲಿ. "ನಮ್ಮ ಕಡೆ ಆಫೀಸರು ಕಾಫಿ ಬೇಡ ಅಂದ್ರೆ ಕೆಲಸ ಆಗಲ್ಲ ಅಂತ ಅರ್ಥ."

ಆ ಕಾಫಿಯನ್ನು ಯಜಮಾನ ಕುಡಿದ. ಇನ್ನೊಂದು ಲೋಟವನ್ನೂ ಕುಡಿದ. ಪ್ಲಾನರ್ ನಮ್ಮ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ಬೆಂಕಿಯ ದಿನ ಏನಾಯಿತೆಂದು ನನ್ನನ್ನು ಕೇಳಿದಳು. ಹೇಳುತ್ತ ಹೇಳುತ್ತ ಯಾವುದು ಮೊದಲು ಯಾವುದು ಆಮೇಲೆ ಎಂದು ತಪ್ಪಿ, ಮತ್ತೆ ಅಲಾರ್ಮಿನಿಂದ ಶುರು ಮಾಡಿದೆ. ಅವಳು ಬರೆಯುವುದನ್ನು ನಿಲ್ಲಿಸಿ, ನಿಧಾನವಾಗಿ ಹೇಳಿ, ಹೊತ್ತಿದೆ ಎಂದಳು.

ಕ್ರಿಸ್‌ಮಸ್ಸಿಗೆ ಮುಂಚೆ ತೀರ್ಮಾನ ಬಂತು. ಹಿಂದಿನ ಹೊಲಕ್ಕೆ ಅನುಮತಿ, ಷರತ್ತುಗಳ ಉದ್ದ ಪಟ್ಟಿಯೊಂದಿಗೆ: ಬೇಲಿಗೆ ಯಾವ ಗಿಡ, ದೀಪ ಎಷ್ಟು ಎತ್ತರ. ನಮ್ಮ ಸಾಲಿನ ನಡುವಿನ ಆಯತವನ್ನು ನಕ್ಷೆಯಿಂದ ತೆಗೆಯಬೇಕು, ಆ ಜಾಗ ಖಾಲಿಯಾಗಿಯೇ ಉಳಿಯಬೇಕು. ಗಂಡ ಕೇಸರಿಬಾತ್ ಮಾಡಿಸಿದ, ಡ್ರೈವರ್ ಬಂದು ಬೇಲಿಯಾಚೆ ನಿಂತು ಎರಡು ಸಲ ಹಾಕಿಸಿಕೊಂಡ. ಅವತ್ತು ರಾತ್ರಿಯೂ ನಾನು ಎದ್ದೆ. ತೀರ್ಮಾನ ನನ್ನ ತಲೆಗೆ ಅರ್ಥವಾಗಿತ್ತು. ಕಿಟಕಿಯ ಕಡೆ ಓಡುವ ಕಾಲಿಗೆ ಆಗಿರಲಿಲ್ಲ. ಹೊಸ ವರ್ಷದಲ್ಲಿ ಮತ್ತೆ ಎಲ್ಲ ಮುಚ್ಚಿತು, ಕಟ್ಟಡದ ಕೆಲಸವೂ ನಿಂತಿತು. ಚಳಿಗಾಲವಿಡೀ ನಾನು ಆ ಖಾಲಿ ಜಾಗವನ್ನು ಕಾದೆ, ಯಾರಾದರೂ ಕದ್ದು ತಂದು ಮನೆ ಇಟ್ಟುಬಿಟ್ಟಾರು ಎಂಬಂತೆ.

ವಸಂತದ ಕೊನೆಯಲ್ಲಿ ಒಂದು ಶುಕ್ರವಾರ ಲಾರಿಗಳು ಬಂದವು. ಬಿಳಿ ಮೊಬೈಲ್ ಹೋಮುಗಳು ನಮ್ಮ ಕಿಟಕಿಯ ಮುಂದೆ ಒಂದೊಂದಾಗಿ ತೇಲಿದಂತೆ ಸಾಗಿ, ನಿಲ್ಲದೆ, ಹಿಂದಿನ ಹೊಲಕ್ಕೆ ಹೋದವು. ಪ್ರತಿಯೊಂದು ದಾಟುವಾಗಲೂ ಉಸಿರು ಹಿಡಿದಿದ್ದೆ. ಒಂದು ಮಾತ್ರ ನಮ್ಮ ಸಾಲಿಗೆ ತಿರುಗಿತು, ಸುಟ್ಟ ಜಾಗಕ್ಕೆ. ಯಜಮಾನ ಹುಲ್ಲಿನ ಮಧ್ಯದಲ್ಲಿ ನಿಂತು, ಲಾರಿ ಚಾಲಕನಿಗೆ ಎರಡೂ ಕೈಯಿಂದ ಆಚೆ, ಇನ್ನೂ ಆಚೆ ಎಂದು ಸನ್ನೆ ಮಾಡುತ್ತಿದ್ದ. ಅದು ಇಳಿದು, ಕಾಲು ಊರಿ, ಡ್ರೈವರ್ ಅದರ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ಮೇಲೂ ನಮ್ಮಿಬ್ಬರ ನಡುವೆ ಅಷ್ಟೇ ಹುಲ್ಲು ಉಳಿಯಿತು.

ಶನಿವಾರ ಕಣ್ಣು ಬಿಟ್ಟಾಗ ಬಿಸಿಲು ಮುಖದ ಮೇಲಿತ್ತು. ಗಂಡ ಆಗಲೇ ಎದ್ದು ಹೊರಗಿದ್ದ. ಅತ್ತೆ ಬಾಗಿಲಲ್ಲಿ ನಿಂತು, ಎಬ್ಬಿಸೋಣ ಅಂತ ಎರಡು ಸಲ ಬಂದೆ, ನೀನು ಗೊರಕೆ ಹೊಡೀತಿದ್ದೆ, ಬಿಟ್ಟೆ ಎಂದರು.